ಬಿಗಿಯಣ್ಣ ಕಾರಿಗೆ ಫಿಲ್ಟರ್ ಹಾಕಿದ್ದು

ಪೇಟೆಯವರೆಲ್ಲ ಅವನನ್ನು ಬಿಗಿಯಣ್ಣ ಎನ್ನುತ್ತಿದ್ದರು. ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವುದು ಅವನ ಕಸುಬು. ತನ್ನ ಹೊದಿಕೆಯಲ್ಲಿ ಒಂದು ಸುಕ್ಕು ತೋರಿಸಿದವರಿಗೆ ಕೂಲಿ ಬಿಟ್ಟುಬಿಡುತ್ತೇನೆ ಎಂದು ಮೂವತ್ತು ವರ್ಷಗಳಿಂದ ಹೇಳುತ್ತಿದ್ದ. ಸುಕ್ಕು ಯಾರಿಗೂ ಸಿಕ್ಕಿರಲಿಲ್ಲ. ಸಿಕ್ಕಿದ್ದರೂ ಅವನು ಬಿಡುತ್ತಿದ್ದನೆಂದು ಯಾರೂ ನಂಬಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಸ್ಪಂಜಿನ ಹಾಳೆಗಳು, ಅವನ್ನು ಅಂಟಿಸುವ ಸೊಲ್ಯೂಷನ್ ಡಬ್ಬ. ಅದರ ಹಿಂದಿನ ಕೋಣೆಯಲ್ಲಿ ಸಂಸಾರ.

ಹೆಂಡತಿಗೆ ಎರಡು ವರ್ಷದಿಂದ ಉಸಿರಿನ ಕಾಯಿಲೆ. ಸೋಮವಾರ ಸೋಮವಾರ ಆಸ್ಪತ್ರೆಗೆ ಹೋಗಬೇಕು. ಧೂಳು ತಾಗಿಸಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ಪುರಸಭೆಯವರು ಅಗೆದು ಹಾಕಿದ್ದ ಆಸ್ಪತ್ರೆ ರಸ್ತೆಯ ಮೇಲೆ ಬಿಗಿಯಣ್ಣ ಹಲ್ಲು ಮಸೆಯತೊಡಗಿದ. ಅವನ ಹಳೇ ಕಾರಿನ ಫ್ಯಾನು ಹಾಕಿದರೆ ಆ ರಸ್ತೆಯೆಲ್ಲ ಒಳಗೇ ಬರುತ್ತಿತ್ತು. ಕೊನೆಗೆ ಗಾಳಿಯ ಧೂಳು ಸೋಸುವ ಫಿಲ್ಟರ್ ಕೇಳಿಕೊಂಡು ಬಿಡಿಭಾಗದ ಅಂಗಡಿಗೆ ಹೋದ.

“ನಿಮ್ಮ ಕಾರಿಗೆ ಕಂಪನಿಯವರು ಫಿಲ್ಟರ್ ಕೊಟ್ಟಿಲ್ಲ, ಜಾಗ ಮಾತ್ರ ಬಿಟ್ಟಿದ್ದಾರೆ,” ಎಂದ ಅಂಗಡಿಯವನು. “ಡ್ಯಾಶ್‌ಬೋರ್ಡಿನ ಖಾನೆ ಬಿಚ್ಚಿ, ಹಿಂದಿರೋ ಪ್ಲಾಸ್ಟಿಕ್ ಮುಚ್ಚಳ ಕೊಯ್ದು, ಇದನ್ನ ತೂರಿಸಿ. ಈ ಬಾಣ ಗಾಳಿ ಹೋಗೋ ಕಡೆ ಇರ್ಲಿ.”

“ಸುತ್ತ ಸಂದು ಉಳಿಯುತ್ತಲ್ಲಪ್ಪ?”

“ಒಂಚೂರು ಟೇಪ್ ಹಚ್ಚಿ ಸಾಕು. ಇದೇನು ನಿಮ್ಮ ಸೀಟ್ ಕವರಾ ಬಿಗಿಯಣ್ಣ, ಗಿರಾಕಿ ಬಂದು ಸುಕ್ಕು ಹುಡುಕೋಕೆ?”

ಭಾನುವಾರ ಮಧ್ಯಾಹ್ನ ಬಿಗಿಯಣ್ಣ ಕಾರಿನೊಳಗೆ ಮಂಡಿಯೂರಿ ಕೂತ. ಖಾನೆ ಬಿಚ್ಚಿದ. ಕಾಯಿಸಿದ ಬ್ಲೇಡಿನಿಂದ ಮುಚ್ಚಳವನ್ನು ನೂಲು ಹಿಡಿದಂತೆ ಕೊಯ್ದ. ಫಿಲ್ಟರ್ ಸಲೀಸಾಗಿ ಒಳಹೋಯಿತು. ಬೆರಳಾಡಿಸಿ ನೋಡಿದರೆ ನಾಲ್ಕೂ ಕಡೆ ಕೂದಲೆಳೆಯಷ್ಟು ಸಂದು. ಬೇರೆಯವರು ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಅವನು ಸ್ಪಂಜಿನ ಪಟ್ಟಿ ಕತ್ತರಿಸಿ, ಎರಡೆರಡು ಸಲ ಸೊಲ್ಯೂಷನ್ ಬಳಿದು, ಸುತ್ತಲೂ ಅಂಟಿಸಿದ. ಮುಚ್ಚಳದ ಅಂಚಿಗೂ ಬಳಿದ. ಹಸಿ ಅಂಟಿನ ಮೇಲೆ ಧೂಳು ಕೂರದಿರಲೆಂದು ಗಾಜುಗಳನ್ನೆಲ್ಲ ಏರಿಸಿ, ಕಾರನ್ನು ಅಲ್ಲೇ ಬಿಟ್ಟು ಒಳಗೆ ಹೋದ.

ಮರುದಿನ ಆಸ್ಪತ್ರೆಗೆ ಹೊರಟಾಗ ಹೆಂಡತಿ ಕಾರಿನ ಗಾಜು ಇಳಿಸಲು ಹಿಡಿಕೆಗೆ ಕೈ ಹಾಕಿದಳು.

“ಮುಟ್ಟಬೇಡ. ಇವತ್ತು ಆರಾಮಾಗಿ ಒಳ್ಳೇ ಗಾಳಿ ತಗೋ.”

“ರೀ, ಇದು...” ಎಂದು ಕೆಮ್ಮಿದಳು. ಹಳೇ ಧೂಳು ಕೊಳವೆಯಲ್ಲಿ ಉಳಿದಿರಬೇಕೆಂದು ಅವನು ಫ್ಯಾನನ್ನು ಎರಡಕ್ಕೆ ತಿರುಗಿಸಿದ. ಕೆಮ್ಮು ಹೆಚ್ಚಿತು. ಮೂರಕ್ಕೆ ತಿರುಗಿಸಿದ. ವೃತ್ತದ ಬಳಿ ಬರುವಷ್ಟರಲ್ಲಿ ಅವಳು ಅಂಗೈಯಿಂದ ಗಾಜು ಬಡಿಯುತ್ತಿದ್ದಳು; ತುಟಿ ನೀಲಿಗಟ್ಟಿತ್ತು. ಟ್ರಾಫಿಕ್ ಪೊಲೀಸ್ ಓಡಿಬಂದು ಬಾಗಿಲು ಎಳೆದವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ.

“ಏನ್ರೀ ಇದು, ಕಾರೋ ಪೇಂಟ್ ಡಬ್ಬಾನೋ? ಮನುಷ್ಯರು ಉಸಿರಾಡ್ತಾರೇನ್ರೀ ಇದರಲ್ಲಿ?”

“ಯಾಕೆ, ಏನಾಗಿದೆ?” ಎಂದ ಬಿಗಿಯಣ್ಣ. ಅವನಿಗೆ ನಿಜವಾಗಿಯೂ ಯಾವ ವಾಸನೆಯೂ ಬಡಿದಿರಲಿಲ್ಲ. ಮೂವತ್ತು ವರ್ಷ ಆ ಡಬ್ಬದ ಪಕ್ಕದಲ್ಲೇ ಕೂತ ಮೂಗಿಗೆ ಸೊಲ್ಯೂಷನ್ ಒಂದು ವಾಸನೆಯಾಗಿಯೇ ಉಳಿದಿರಲಿಲ್ಲ.

ನಾಲ್ಕು ದಿನ ಅವಳಿಗೆ ಆಮ್ಲಜನಕ ಕೊಟ್ಟರು. ಡಾಕ್ಟರು ಅವನ ಅಂಗಿಯ ಹತ್ತಿರ ಬಾಗಿ, “ಮನೇಲೂ ಇದೇ ವಾಸನೇನಾ?” ಎಂದರು. ಅವನು ಹೆಂಡತಿಯ ಕಡೆ ನೋಡಿದ.

“ನಿಂಗೆ ಗೊತ್ತಿತ್ತೇನೇ?”

ಅವಳು ಮುಖಕ್ಕೆ ಕಟ್ಟಿದ ಮಾಸ್ಕ್ ಸರಿಸಿದಳು. “ಮದುವೆಯಾದ ಹೊಸದ್ರಲ್ಲಿ ಒಂದ್ಸಲ ಹೇಳಿದ್ದೆ. ಕಿಟಕಿ ತೆಗೆದ್ರಿ. ಧೂಳು ಬಿದ್ದು ಅಂಟು ಕೆಡ್ತು ಅಂತ ನೀವೇ ಮುಚ್ಚಿದ್ರಿ.” ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. “ಆಮೇಲೆ ಹೇಳೋಕೆ ಹೋಗಲಿಲ್ಲ.”

ಆಸ್ಪತ್ರೆಯಿಂದ ಅವಳು ನೇರ ತಮ್ಮನ ಮನೆಗೆ ಹೋದಳು. ಮುಂದಿನ ಭಾನುವಾರ ಬಿಗಿಯಣ್ಣ ಮೂರು ಸಲ ಸೋಪು ಹಚ್ಚಿ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು ಅಲ್ಲಿಗೆ ಹೋದ. ಗೇಟಿನಲ್ಲೇ ಭಾವಮೈದ ಮೂಗು ಅರಳಿಸಿದ.

“ಬೇಜಾರು ಮಾಡ್ಕೋಬೇಡಿ ಭಾವ. ಇಲ್ಲೇ ಕುರ್ಚಿ ಹಾಕ್ತೀನಿ.”

ಅವಳನ್ನು ಬಾಗಿಲಿಗೆ ಕರೆತಂದು ಕೂರಿಸಿದರು. ನಡುವೆ ಹತ್ತು ಹೆಜ್ಜೆ ಅಂಗಳ.

“ವಾಸನೆ ಬರ್ತಿದ್ಯೇನೇ ಈಗಲೂ?”

“ಸ್ವಲ್ಪ,” ಎಂದಳು, ಸೆರಗನ್ನು ಮೂಗಿಗೆ ಒತ್ತಿಕೊಂಡು.

ಅವನು ಕುರ್ಚಿ ಎತ್ತಿಕೊಂಡು ಗೇಟಿನಾಚೆ ಇಟ್ಟ. ಅವಳ ಸೆರಗು ಕೆಳಗಿಳಿಯಲಿಲ್ಲ. ರಸ್ತೆ ದಾಟಿ, ಎದುರು ಮನೆಯ ಗೋಡೆಗೆ ಕುರ್ಚಿ ತಾಗಿಸಿ ಕೂತ. ಆಗ ಇಳಿಯಿತು.

“ಮಾತ್ರೆ ತಗೊಂಡ್ಯಾ?” ಎಂದು ಕೂಗಿದ. ಹೋಗಿಬರುವವರು ತಿರುಗಿ ನೋಡಿದರು. ಅಷ್ಟು ದೂರಕ್ಕೆ ಕೂಗಿ ಉತ್ತರ ಕೊಡುವಷ್ಟು ಉಸಿರು ಅವಳಲ್ಲಿರಲಿಲ್ಲ. ಸಂಜೆಯವರೆಗೂ ಮಾತಾಡಿದ್ದು ಅವನೊಬ್ಬನೇ.