ಆರನೇ ಹಾಸಿಗೆಯ ತೂಕ

ನಾಗವೇಣಿ, ನಿನ್ನ ಮಗಳಿಗೆ ನೀನು ಒಣಮೀನು ತಿನ್ನಿಸಿರಲಿಲ್ಲ. ಅದು ನನಗೆ ಆ ಹೊತ್ತಿನಲ್ಲೇ ಗೊತ್ತಿತ್ತು — ಗೊತ್ತಿದ್ದೂ ನೀನು ತಿನ್ನಿಸಿದ್ದೀ ಎಂದು ಹೇಳಿದೆ.

ಹದಿನಾರು ವರ್ಷಗಳ ಹಿಂದೆ ಕಾರವಾರದ ಆ ಮಕ್ಕಳ ವಾರ್ಡಿನಲ್ಲಿ ನಾನು ಹಿರಿಯ ನರ್ಸ್. ಎಂಟು ವರ್ಷದ ಸುಮಾ ಆರನೇ ಹಾಸಿಗೆಯಲ್ಲಿದ್ದಳು. ಹೃದಯದ ಕವಾಟ ಕೆಟ್ಟು ಮೈಯಲ್ಲಿ ನೀರು ತುಂಬುತ್ತಿತ್ತು. ಅಂಥ ಮಗುವಿಗೆ ಉಪ್ಪು ವರ್ಜ್ಯ. ಕುಡಿದ ನೀರು, ಹೊಯ್ದ ಮೂತ್ರ, ಬೆಳಗಿನ ತೂಕ — ಎಲ್ಲವನ್ನೂ ಅಳೆದು ಬರೆಯಬೇಕು. ತೂಕ ಏರಿದರೆ ನೀರು ನಿಂತಿದೆಯೆಂದು ಅರ್ಥ. ಅದನ್ನು ನೋಡಿಯೇ ವೈದ್ಯರು ಮೂತ್ರದ ಔಷಧಿ ಏರಿಸುತ್ತಿದ್ದರು. ನನ್ನ ಪಟ್ಟಿಯಲ್ಲಿ ಒಂದಂಕಿಯೂ ತಪ್ಪಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ — ಈ ಮಾತನ್ನು ಇಂದಿಗೂ ಹೆಮ್ಮೆಯಿಲ್ಲದೆ ಬರೆಯಲಾರೆ, ನೋಡು.

ಒಂದು ಸಂಜೆ ನೀನು ಪಕ್ಕದ ಹಾಸಿಗೆಯವಳಿಗೆ, ನನಗೆ ಕೇಳಿಸುವಂತೆಯೇ, ಅಂದೆ: "ಈ ಸಿಸ್ಟರ್ ಉಚ್ಚೆನೂ ಅಳೀತ್ರು, ನೀರೂ ಅಳೀತ್ರು. ನಗು ಒಂದು ಅಳಿಯೂಕೆ ಆಗೂದಿಲ್ಲ ಮಾರಾಯ್ತಿ — ಇದ್ರೆ ಅಲ್ದಾ ಅಳಿಯೂದು!"

ವಾರ್ಡೆಲ್ಲ ನಕ್ಕಿತು. ಮೊದಲು ನಕ್ಕವಳು ಕಿಟಕಿಯ ಬಳಿಯ ಅಗಸೂರಿನ ಹೆಂಗಸು; ಕೊನೆಗೆ ನಕ್ಕವಳು ನೆಲ ಒರೆಸುತ್ತಿದ್ದ ಆಯಾ. ನಾನು ಮರೆತಿಲ್ಲ.

ಮರುದಿನ ಬೆಳಿಗ್ಗೆ ನೀನು ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಬಳಿ ಬಂದೆ. "ಕಾಲು ಊದಿದಂಗೆ ಕಾಣ್ತದೆ ಸಿಸ್ಟರ್, ಒಮ್ಮೆ ನೋಡ್ತ್ರ್ಯಾ?"

"ಕರೆದಾಗ ಬಾ," ಎಂದೆ ನಾನು. ಕರೆಯಲಿಲ್ಲ. ಐದನೇ ಹಾಸಿಗೆಯಿಂದ ಏಳನೆಯದಕ್ಕೆ ಹೋದೆ — ನೀನು ಕಾಯಲಿ ಎಂದು, ಅಷ್ಟೇ. ಆಮೇಲೆ ತೂಗಿದರಾಯಿತು ಎಂದು... ವೈದ್ಯರು ಅಂದು ಬೇಗ ಬಂದರು. ಹಿಂದಿನ ದಿನದ ತೂಕವನ್ನೇ ಬರೆದುಕೊಟ್ಟೆ. ಔಷಧಿ ಏರಲಿಲ್ಲ.

ಅದರ ಮರುದಿನ ಸುಮಾ ಉಸಿರಿಗೆ ಒದ್ದಾಡುತ್ತಿದ್ದಳು. ತೂಗಿದರೆ — ಒಂದೂವರೆ ಕಿಲೋ ಹೆಚ್ಚು.

"ಒಂದೇ ದಿನಕ್ಕೆ ಇಷ್ಟೊಂದಾ?" ವೈದ್ಯರು ನನ್ನತ್ತ ತಿರುಗಿದರು. ನಿನ್ನ ಬುತ್ತಿಯ ಡಬ್ಬಿ ತೆರೆದೇ ಇತ್ತು. ಗಂಜಿಯ ಜೊತೆ ಉಪ್ಪು ಹಾಕಿದ ಒಣಮೀನಿನ ಚಟ್ನಿ. ಅದು ನಿನ್ನ ಊಟ.

"ತಾಯಿ ಒಣಮೀನು ತಿನ್ನಿಸಿದ್ದಾಳೆ, ಡಾಕ್ಟ್ರೇ."

"ನಾ ಉಂಡದ್ದು ಅದು! ಮಗೀಗೆ ಕೊಡ್ಲಿಲ್ಲ, ದೇವ್ರಾಣೆ —"

ಅಂದು ಮೊಮ್ಮಗಳನ್ನು ನೋಡಲು ಬಂದಿದ್ದ ನಿನ್ನ ಅತ್ತೆ ಮುಗಿಸಗೊಡಲಿಲ್ಲ. "ಮನಿಗೆ ನಡಿ ನೀನು. ಮಗಿನ ಹತ್ರ ನಾ ಇರ್ತೆ."

ನೀನು ಹೋದೆ. ಸುಮಾ ಬದುಕಿದಳು — ಆಮೇಲೆ ವಾರ್ಡಿನಲ್ಲಿದ್ದ ಹತ್ತು ದಿನವೂ ನಿನ್ನನ್ನೇ ಕೇಳುತ್ತ. ನಾನು ದಿನವೂ ತಪ್ಪದೆ ಅವಳನ್ನು ತೂಗಿದೆ, ಬರೆದೆ, ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಅಂಕೋಲೆಯ ಬಸ್ ನಿಲ್ದಾಣದಲ್ಲಿ ಅವಳೇ ಗುರುತು ಹಿಡಿದು ನನ್ನ ಕಾಲಿಗೆರಗಿದಳು. ಕವಾಟದ ಶಸ್ತ್ರಚಿಕಿತ್ಸೆ ಆಗಿದೆಯಂತೆ, ಆರಾಮಿದ್ದಾಳಂತೆ. ನಿನ್ನ ಮಾತು ಬಂದಾಗ ನಗುತ್ತಲೇ ಅಂದಳು: "ನಂಗೆ ಬಡಿಸೂದು ಈಗ್ಲೂ ಅಜ್ಜಿನೇ, ಸಿಸ್ಟರ್. ಆಯಿ ನನ್ನ ಬಟ್ಲು ಮುಟ್ಟೂದಿಲ್ಲ. ಅಂದು ಒಣಮೀನು ತಿನ್ನಿಸಿದ್ಳಲ್ಲ!"

ಹದಿನಾರು ವರ್ಷ, ನಾಗವೇಣಿ. ಅಲ್ಲಿಯೂ ನಾನು — "ಚೆನ್ನಾಗಿರು" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ನಿಮ್ಮೂರು ಮಂಜಗುಣಿಗೆ ಹೋಗುವ ಈ ಲಕೋಟೆಯ ಮೇಲೆ ನಿನ್ನ ಹೆಸರಿಲ್ಲ, ನಿನ್ನ ಅತ್ತೆಯ ಹೆಸರಿದೆ. ಆಸ್ಪತ್ರೆಯ ಕಾಗದಕ್ಕೆ ಅವರು ಹೆಬ್ಬೆಟ್ಟು ಒತ್ತಿದ್ದು ನನಗೆ ನೆನಪಿದೆ. ಓದು ಬಾರದ ಅವರಿಗೆ ಸುಮಾಳೇ ಓದಿ ಹೇಳಬೇಕಾಗುತ್ತದೆ. ಓದಲಿ — ಒಳಗೆ ಒಲೆಯ ಮುಂದಿರುವ ನಿನಗೂ ಕೇಳಿಸುವಷ್ಟು ಗಟ್ಟಿಯಾಗಿ.