ಕೆಟ್ಟ ಹೆಸರಿನ ಗಲ್ಲಿಯ ಕ್ವಾರ್ಟರ್ಸ್

ನಮ್ಮ ಕಾಸರಗೋಡಿನಲ್ಲಿ ಬಾಡಿಗೆಗೆ ಕೊಡುವ ಸಾಲು ಕೋಣೆಗಳಿಗೆ ಕ್ವಾರ್ಟರ್ಸ್ ಎನ್ನುತ್ತಾರೆ. ಕಡಲ ಬದಿಯ ಒಂದು ಗಲ್ಲಿಯಲ್ಲಿ ಅಂಥ ಕೋಣೆಗಳು ತೀರಾ ಅಗ್ಗಕ್ಕೆ ಮಾರಾಟಕ್ಕಿದ್ದವು. ಅಲ್ಲಿ ಹೊಡೆದಾಟ ಜಾಸ್ತಿ, ಪೊಲೀಸ್ ಜೀಪು ಬರುತ್ತಲೇ ಇರುತ್ತದೆ ಎಂದು ಯಾರೂ ಮುಟ್ಟುತ್ತಿರಲಿಲ್ಲ. ಗಂಡ ದುಬೈಯಲ್ಲಿ ದುಡಿದು ಉಳಿಸಿದ್ದನ್ನೂ ನನ್ನ ಬಳೆಗಳನ್ನೂ ಅದಕ್ಕೇ ಸುರಿಯಬೇಕಿತ್ತು. ಕೋಣೆಗಳು ಖಾಲಿ ಬಿದ್ದರೆ ನಾವೂ ಖಾಲಿ.

ಬ್ರೋಕರ್ ಬೆಳಿಗ್ಗೆಯೇ ಬನ್ನಿ ಎಂದಿದ್ದ. ಬೆಳಿಗ್ಗೆ ಎಲ್ಲ ಗಲ್ಲಿಯೂ ಸಾಧುವೇ. ನಾನು ಮಗಳನ್ನು ಎತ್ತಿಕೊಂಡು, ಅವನಿಗೆ ಹೇಳದೆ ಸಂಜೆ ಹೋದೆ. ಜಗಲಿಯಲ್ಲಿ ಒಬ್ಬ ದಡಿಯ ಕೂತಿದ್ದ.

"ಎಂತ ಬೇಕು ಅಕ್ಕ?"

"ಈ ಗಲ್ಲಿಯ ರೌಡಿ ಯಾರು ಅಂತ ನೋಡ್ಲಿಕ್ಕೆ ಬಂದೆ."

"ನಾನೇ. ಇಲ್ಲೇ ಬಾಡಿಗೆಗಿರುವುದು. ಕೂತ್ಕೊಳ್ಳಿ."

"ಕೂರುವುದು ಮತ್ತೆ. ಬಾವಿಯಿಂದ ಸ್ವಲ್ಪ ನೀರು ಸೇದಿ ಕೊಡಿ."

ನಗುತ್ತಾ ಸೇದಿ ಕೊಟ್ಟ. ಮಗಳನ್ನು ಕೆಳಗಿಳಿಸಿ ಬೊಗಸೆಯಲ್ಲಿ ಕುಡಿದೆ. ಮೇ ತಿಂಗಳಲ್ಲಿ ಕಡಲ ಬದಿಯ ಬಾವಿಗಳೆಲ್ಲ ಉಪ್ಪಾಗುತ್ತವೆ. ಇದು ಸಿಹಿ! ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಹೊಡೆದಾಟ ಸಹಿಸುವ ಹೆಂಗಸರು ಸಿಗುತ್ತಾರೆ, ಉಪ್ಪುನೀರಿನಲ್ಲಿ ಚಾ ಕಾಯಿಸುವವರು ಸಿಗುವುದಿಲ್ಲ. ಈ ಕೋಣೆಗಳು ಖಾಲಿ ಬೀಳುವ ಮಾತೇ ಇಲ್ಲ.

"ಇದನ್ನು ನಾನೇ ತೆಗೊಳ್ತೇನೆ" ಎಂದೆ.

ಅವನು ಮೊಣಕಾಲಿನ ಮೇಲೆ ಮಡಚಿ ಕಟ್ಟಿದ್ದ ಲುಂಗಿಯನ್ನು ಮರ್ಯಾದೆಗೆ ತಟ್ಟನೆ ಕೆಳಗಿಳಿಸಿದ.

"ಬಾಡಿಗೆ ಏರಿಸ್ತೀರಾ ಅಕ್ಕ?"

"ಜೀಪು ಬಂದ ತಿಂಗಳು ಏರಿಸ್ತೇನೆ."

ಪೊಲೀಸರ ಎದುರೂ ಅವನು ಲುಂಗಿ ಇಳಿಸಿದವನಲ್ಲವಂತೆ. ಪಾಪ, ಅವರು ಬಾಡಿಗೆ ಕೇಳುವವರಲ್ಲವಲ್ಲ.