ಒಂದೇ ತಾಯಿಯ ಚಿಟ್ಟೆಗಳು

ಶಮೀಮ, ನಿನ್ನ ಡಬ್ಬಿಗಳು ಅದಲುಬದಲಾಗಿರಲಿಲ್ಲ. ಅದು ನನಗೆ ಹನ್ನೊಂದು ವರ್ಷದಿಂದ ಗೊತ್ತಿದೆ — ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಬೆಳಗಾವಿಯ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ನೀನು ಖಾನಾಪುರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯಲ್ಲಿ ಎರಡು ಕಂದು ಚಿಟ್ಟೆಗಳಿದ್ದವು. ಮಳೆಗಾಲದಲ್ಲಿ ಹಿಡಿದದ್ದರ ರೆಕ್ಕೆಯಡಿಯಲ್ಲಿ ಕಣ್ಣಿನಂಥ ಚುಕ್ಕೆಗಳ ಸಾಲು. ಚಳಿಗಾಲದ್ದು ಚುಕ್ಕೆಯಿಲ್ಲದೆ, ಒಣಗಿದ ಎಲೆಯ ಹಾಗೆ. ಎರಡೂ ಬೇರೆ ಬೇರೆ ಜಾತಿ ಎಂದು ಚೀಟಿ ಬರೆದು ಅಂಟಿಸಿದವನು ನಾನೇ. ಎಷ್ಟು ವರ್ಷ ಹಾಗೆಯೇ ಪಾಠ ಹೇಳಿದ್ದೆನೋ.

ನೀನು ಗದ್ದೆಯಲ್ಲಿ ಒಂದು ಚಿಟ್ಟೆ ಹಿಡಿದು, ಅದು ಇಟ್ಟ ತತ್ತಿಗಳನ್ನು ಮನೆಯಲ್ಲಿ ಸಾಕಿದೆ. ಹುಳುಗಳಿಗೆಲ್ಲ ಅದೇ ಭತ್ತದ ಎಲೆ. ಅರ್ಧ ಡಬ್ಬಿಗಳು ಒಲೆಯ ಮಗ್ಗುಲಲ್ಲಿ, ಅರ್ಧ ಹಿತ್ತಲಿನ ತಣ್ಣನೆಯ ಕೋಣೆಯಲ್ಲಿ. ಬೆಚ್ಚಗಿದ್ದವಕ್ಕೆ ಚುಕ್ಕೆ ಮೂಡಿದವು. ತಣ್ಣಗಿದ್ದವು ಒಣ ಎಲೆಯಂತೆ ಹೊರಬಂದವು. ಅದನ್ನೆಲ್ಲ ನೀನು ಚಿತ್ರ ಸಮೇತ ಜರ್ನಲ್ಲಿನಲ್ಲಿ ಬರೆದು ತಂದೆ. ಪ್ರಾಯೋಗಿಕ ಪರೀಕ್ಷೆಗೆ ಕೂಡಬೇಕಾದರೆ ಅದಕ್ಕೆ ನನ್ನ ಸಹಿ ಬೇಕಿತ್ತು.

“ಡಬ್ಬಿ ಅದಲಬದಲ ಆಗ್ಯಾವು ಅಂತ ಕೆಳಗ ಬರಿಯವಾ, ಸಹಿ ಮಾಡ್ತೀನಿ,” ಎಂದೆ ನಾನು.

“ಆಗಿಲ್ರಿ ಸರ್. ಎಲ್ಲಾ ಒಂದ ತಾಯಿ ಮಕ್ಕಳ್ರಿ. ಚಳಿಗಾಲದಾಗ ಒಣಾ ಎಲಿ ನಡುವ ಕುಂದರತಾವು, ಚುಕ್ಕಿ ಇದ್ದವನ್ನ ಹಕ್ಕಿ ಹಿಡದು ತಿಂತಾವು. ಕಾಲ ನೋಡಿ ಮೈ ಬದಲ ಮಾಡೂವಷ್ಟ ಉಳದು, ಅವುಗಳ ಸಂತಾನ ಬೆಳದಿರಬೇಕ್ರಿ.” ಜರ್ನಲ್ಲನ್ನು ನನ್ನ ಮೇಜಿನ ಮೇಲಿಟ್ಟು, “ನಾ ಸುಳ್ಳ ಬರಿಯಾಂಗಿಲ್ರಿ,” ಎಂದೆ ನೀನು.

ನನಗೆ ಸಿಟ್ಟು ಬಂತು. ನೀನು ಹೇಳಿದ್ದು ತಪ್ಪೆಂದಲ್ಲ — ಸರಿಯಿರಬಹುದು ಎಂದು ಒಳಗೆ ಅನ್ನಿಸಿದ್ದಕ್ಕೆ. ಪರೀಕ್ಷೆಗೆ ಎರಡು ದಿನ ಇರುವಾಗ ನಿನ್ನ ಅಬ್ಬಾ ಹೆಂಚಿನ ಕಾರ್ಖಾನೆಯ ಆ ದಿನದ ಕೆಲಸ ಬಿಟ್ಟು ಬಂದು, “ಇನ್ನೊಂದ ವರ್ಷ ಕಳಸೂದು ನಮ್ಮ ಕೈಲೆ ಆಗೂದಿಲ್ರಿ ಸಾಹೇಬ್ರ,” ಎಂದು ನಿಂತರು. ಪೆನ್ನು ಜೇಬಿನಲ್ಲೇ ಇತ್ತು — ತೆಗೆಯಲಿಲ್ಲ. ನಿನ್ನ ಓದು ಅಲ್ಲಿಗೇ ನಿಂತಿತು.

ಮರುವರ್ಷ ದೇಸೂರಿನ ಗದ್ದೆಯಿಂದ ಚಿಟ್ಟೆ ತಂದು, ಯಾರಿಗೂ ಹೇಳದೆ ನಾನೂ ಸಾಕಿದೆ. ನೀನು ಬರೆದ ಹಾಗೆಯೇ ಆಯಿತು. ಆಗ ನಾನು ಮಾಡಿದ್ದಿಷ್ಟೇ — ಎರಡು ಚೀಟಿ ಕಿತ್ತು, ಒಂದೇ ಚೀಟಿ ಅಂಟಿಸಿದೆ. ನಿನಗೊಂದು ಕಾರ್ಡು ಬರೆಯಲಿಲ್ಲ. ವಾತಾವರಣಕ್ಕೆ ತಕ್ಕಂತೆ ಮೈ ಬದಲಿಸುವ ಗುಣವೂ ತಲೆಮಾರುಗಳಲ್ಲಿ ಬೆಳೆದು ಬಂದದ್ದು ಎಂದು ನಿನ್ನ ಮಾತನ್ನೇ ನನ್ನದೆಂಬಂತೆ ಪಾಠ ಮಾಡಿದೆ. ಪ್ರತಿ ವರ್ಷವೂ ಮಾಡಿದೆ. ಸಾಕಾಗಿ ಹೋಗಿದೆ.

ನಿವೃತ್ತಿಯ ವಾರ ಕಪಾಟು ಖಾಲಿ ಮಾಡುವಾಗ ನಿನ್ನ ಜರ್ನಲ್ ಸಿಕ್ಕಿತು ಎಂದು ಬರೆಯಲಿದ್ದೆ — ಅದೂ ಸುಳ್ಳು. ಅದು ಇಷ್ಟು ವರ್ಷವೂ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ನೀನು ಹೊಲಿಗೆ ಮಾಡಿಕೊಂಡು ಖಾನಾಪುರದಲ್ಲೇ ಇದ್ದೀಯಂತೆ. ನಾಳೆ ಬರುತ್ತೇನೆ. ನೀನು ಮಾತಾಡದಿದ್ದರೂ ಸರಿ, ಈ ಕಾಗದ ಒಳಗಿಟ್ಟು ಜರ್ನಲ್ ಕೊಟ್ಟು ಹೋಗುತ್ತೇನೆ. ಸಹಿ ಮಾಡಿದ್ದೇನೆ. ಆ ವರ್ಷದ ತಾರೀಖು ಹಾಕಲು ಹೋಗಿದ್ದೆ — ಹಾಕಲಿಲ್ಲ. ಇವತ್ತಿನದೇ ಹಾಕಿದ್ದೇನೆ.